ಸಣ್ಣ ಸಂಸ್ಥಾನಗಳ ದೊಡ್ಡ ಪರಂಪರೆ: ಕೃಷ್ಣಾ–ಘಟಪ್ರಭಾ ಸೀಮೆಯ ಕಟ್ಟಡ ಮತ್ತು ಚಿತ್ರಕಲೆ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ–ಬನಹಟ್ಟಿ ಇಂದು ಬಾಗಲಕೋಟೆ ಜಿಲ್ಲೆಯ ಊರುಗಳು. 1948ರವರೆಗೆ ಇವು ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಜಮಖಂಡಿ ಪಟವರ್ಧನರ ರಾಜಧಾನಿಯಾಗಿತ್ತು. ಮುಧೋಳದಲ್ಲಿ ಘೋರ್ಪಡೆ ಮನೆತನ ಆಳುತ್ತಿತ್ತು. ಈಗ ಒಂದೇ ನಗರಸಭೆಯಡಿ ಇರುವ ಅವಳಿ ಊರುಗಳಲ್ಲಿ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ರಬಕವಿ ಸಾಂಗಲಿ ಸಂಸ್ಥಾನದ್ದು. ಬೀಳಗಿ ಮಾತ್ರ ಬ್ರಿಟಿಷರ ನೇರ ಆಡಳಿತದ ಕಲಾದಗಿ ಜಿಲ್ಲೆಯಲ್ಲಿತ್ತು. 1885ರಲ್ಲಿ ಜಿಲ್ಲಾಕೇಂದ್ರ ಬಿಜಾಪುರಕ್ಕೆ ಹೋದ ಮೇಲೆ ಆ ಜಿಲ್ಲೆಗೂ ಬಿಜಾಪುರದ ಹೆಸರೇ ಬಂತು.

ಜಮಖಂಡಿ ಸಂಸ್ಥಾನದ ವಿಸ್ತೀರ್ಣ ಸುಮಾರು 1,350 ಚದರ ಕಿಲೋಮೀಟರ್, ಮುಧೋಳದ್ದು ಸುಮಾರು 950. ಎರಡನ್ನೂ ಕೂಡಿಸಿದರೂ ಯುರೋಪಿನ ಲಕ್ಸೆಂಬರ್ಗ್ ದೇಶಕ್ಕಿಂತ ಸ್ವಲ್ಪ ಚಿಕ್ಕವೇ. ಲಕ್ಸೆಂಬರ್ಗಿನ ಕೋಟೆಯನ್ನು ಸ್ಪೇನಿನವರು, ಫ್ರೆಂಚರು, ಆಸ್ಟ್ರಿಯನ್ನರು, ಪ್ರಷ್ಯನ್ನರು ಒಬ್ಬರ ನಂತರ ಒಬ್ಬರು ಕಟ್ಟಿ ಬೆಳೆಸಿದರು. ಸಣ್ಣ ನಾಡುಗಳ ಕಲೆಯ ಚರಿತ್ರೆ ಹೆಚ್ಚಾಗಿ ನಡೆಯುವುದೇ ಹೀಗೆ. ಶೈಲಿ ನೆರೆಯ ದೊಡ್ಡ ರಾಜಧಾನಿಗಳಿಂದ ಬರುತ್ತದೆ. ಸ್ಥಳೀಯ ಕಲ್ಲು, ಮಣ್ಣು ಮತ್ತು ಕಸುಬುದಾರರ ಕೈ ಅದನ್ನು ಆ ನೆಲದ್ದನ್ನಾಗಿ ಮಾಡುತ್ತವೆ. ದಕ್ಷಿಣಕ್ಕೆ ಬಾದಾಮಿ, ಉತ್ತರಕ್ಕೆ ಬಿಜಾಪುರ (ಇಂದಿನ ವಿಜಯಪುರ), ಪಶ್ಚಿಮಕ್ಕೆ ಮಿರಜ–ಸಾಂಗಲಿ ಮತ್ತು ಅವುಗಳಾಚೆ ಪುಣೆ: ಈ ದಿಕ್ಕುಗಳಿಂದ ಬಂದ ಕಲೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ಈ ಸೀಮೆಯಲ್ಲಿ ಕೂಡಿಕೊಂಡಿದೆ.

ನೆಲ ಕೊಟ್ಟ ಸಾಮಗ್ರಿ

ದಖ್ಖನ್ ಪ್ರಸ್ಥಭೂಮಿಯ ಕರಿಕಲ್ಲಿನ ಪದರ ದಕ್ಷಿಣದಲ್ಲಿ ಕೊನೆಗೊಂಡು, ಕಲಾದಗಿ ಶಿಲಾವರ್ಗದ ಮರಳುಗಲ್ಲು ಮತ್ತು ಸುಣ್ಣದ ಕಲ್ಲು ಆರಂಭವಾಗುವ ಅಂಚು ಈ ಸೀಮೆಯಲ್ಲಿದೆ. ಕರಿಕಲ್ಲು ಗಟ್ಟಿ, ಅದನ್ನು ಕೆತ್ತುವುದು ಕಷ್ಟ, ಆದರೆ ಭಾರ ಹೊರಲು ಅದಕ್ಕೆ ಸಮನಿಲ್ಲ. ಮರಳುಗಲ್ಲು ಉಳಿಗೆ ಬಗ್ಗುತ್ತದೆ. ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತ ಸುಣ್ಣದ ಕಲ್ಲು ಹೇರಳ. ಇಂದಿನ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೆಯೇ. ಹಿಂದೆ ಅದೇ ಬಗೆಯ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು ಗಚ್ಚು ತಯಾರಿಸುತ್ತಿದ್ದರು.

ಸಾಮಾನ್ಯ ಮನೆಗೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಮಣ್ಣು. ಈ ಭಾಗದ ಹಳೆಯ ಮನೆಯೆಂದರೆ ಮಾಳಿಗೆ ಮನೆ. ಕೆಳಗೆ ಕಲ್ಲಿನ ತಳಪಾಯ, ಮೇಲೆ ಎರಡು ಮೂರು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ, ಅದರ ಮೇಲೆ ತೊಲೆ ಮತ್ತು ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ಮೇಲ್ಪದರಕ್ಕೆ ನೀರು ಇಳಿಯದ ಕರಲು ಮಣ್ಣನ್ನು ಹರಡುತ್ತಾರೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಬೀಳಬೇಕು. ಬೆಳಕು ಬರುವುದು ಚಾವಣಿಯಲ್ಲಿ ಬಿಟ್ಟ ಬೆಳಕಿಂಡಿಯಿಂದ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ಮಣ್ಣಿನ ಮಾಳಿಗೆ ಮೂರೂ ಸೇರಿ ಒಳಗನ್ನು ತಂಪಾಗಿಡುತ್ತವೆ. ಮುಂಭಾಗದಲ್ಲಿ ದನಗಳ ಕಟ್ಟು, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರಮನೆ, ಜೋಳ ತುಂಬಿಡಲು ನೆಲದಡಿ ಹಗೇವು. ಈ ವಿನ್ಯಾಸ ಒಕ್ಕಲುತನದಿಂದ ಹುಟ್ಟಿದ್ದು. ಊರಿಗೆ ಅಗಸಿ, ಅಗಸಿಯ ಬಳಿ ಹನುಮಪ್ಪನ ಗುಡಿ, ಕೂಡಿ ಮಾತಾಡಲು ಕಟ್ಟೆ. ಅರಮನೆ, ಗುಡಿ, ಮಠಗಳ ಶೈಲಿ ಎಷ್ಟು ಸಲ ಬದಲಾದರೂ ಈ ಮನೆಯ ಕಟ್ಟಣೆ ಶತಮಾನಗಳ ಕಾಲ ಹೆಚ್ಚು ಬದಲಾಗಲಿಲ್ಲ.

ಚಾಲುಕ್ಯರಿಂದ ರಟ್ಟರವರೆಗೆ

ಈ ಸೀಮೆಯ ಕಲ್ಲಿನ ಕಟ್ಟಡಗಳ ಚರಿತ್ರೆ ಬಾದಾಮಿಯ ನೆರಳಿನಲ್ಲಿ ಆರಂಭವಾಗುತ್ತದೆ. ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಲೇಶ ಪೂರ್ಣಗೊಳಿಸಿದ ಬಾದಾಮಿಯ ಮೂರನೆಯ ಗುಹೆಯ ಸೂರಿನ ಒಳಮೈಯಲ್ಲಿ ಬಣ್ಣದ ಚಿತ್ರಗಳ ಅಲ್ಪ ಭಾಗ ಉಳಿದಿದೆ. ತಾರೀಖು ಖಚಿತವಾಗಿ ತಿಳಿದಿರುವ ವೈದಿಕ ಗುಹಾಲಯದ ಚಿತ್ರಗಳಲ್ಲಿ ಇವು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ. ಐಹೊಳೆಯ ಪ್ರಯೋಗಗಳನ್ನು ದಾಟಿ ಎಂಟನೆಯ ಶತಮಾನದಲ್ಲಿ ಪಟ್ಟದಕಲ್ಲಿಗೆ ಬಂದರೆ, ಉತ್ತರದ ನಾಗರ ಶಿಖರ ಮತ್ತು ದಕ್ಷಿಣದ ದ್ರಾವಿಡ ವಿಮಾನ ಒಂದೇ ಅಂಗಳದಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ. ಯುನೆಸ್ಕೊ 1987ರಲ್ಲಿ ಪಟ್ಟದಕಲ್ಲನ್ನು ವಿಶ್ವಪರಂಪರೆಯ ತಾಣವೆಂದು ಘೋಷಿಸಿತು.

ಹತ್ತರಿಂದ ಹನ್ನೆರಡನೆಯ ಶತಮಾನದ ನಡುವೆ, ಕಲ್ಯಾಣ ಚಾಲುಕ್ಯರು ಮತ್ತು ಅವರ ಮಾಂಡಲಿಕರಾದ ಸವದತ್ತಿಯ ರಟ್ಟರ ಕಾಲದಲ್ಲಿ, ಗುಡಿ ಕಟ್ಟುವ ಕೆಲಸ ರಾಜಧಾನಿಗಳನ್ನು ಬಿಟ್ಟು ಹಳ್ಳಿಗಳಿಗೆ ಹರಡಿತು. ಗುಡಿಗಳು ಚಿಕ್ಕವಾದವು, ಸಂಖ್ಯೆ ಹೆಚ್ಚಿತು. ಚರಕಿಯಲ್ಲಿ ತಿರುಗಿಸಿ ನುಣುಪುಗೊಳಿಸಿದ ಕಂಬ, ನವರಂಗದ ನಡುವಿನ ಛತ್ತಿನಲ್ಲಿ ಅರಳಿದ ತಾವರೆ, ಬಾಗಿಲವಾಡದ ಪಟ್ಟಿ ಪಟ್ಟಿ ಕೆತ್ತನೆ ಈ ಕಾಲದ ಗುರುತುಗಳು. ಮುಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ, ಹುಬ್ಬಳ್ಳಿ ಬಳಿಯ ಕುಂದಗೋಳದ ಶಂಭುಲಿಂಗ ದೇವಾಲಯ ಈ ಪರಂಪರೆಯ ಉತ್ತಮ ಉದಾಹರಣೆ. ಜಮಖಂಡಿ ಊರಿನ ಹೆಸರಿಗೆ ಕಾರಣವೆಂದು ಜನ ಹೇಳುವ ಜಂಬುಕೇಶ್ವರನ ಗುಡಿ ಮತ್ತು ರಾಮತೀರ್ಥ ಗುಡ್ಡದ ರಾಮೇಶ್ವರನ ಗುಡಿ ಸಂಸ್ಥಾನ ಹುಟ್ಟುವ ಮೊದಲೇ ಈ ನೆಲದಲ್ಲಿ ಬೇರೂರಿದ್ದ ಶೈವ ಪರಂಪರೆಯನ್ನು ನೆನಪಿಸುತ್ತವೆ.

ಜೈನರ ಪಾಲೂ ದೊಡ್ಡದು. ಹತ್ತನೆಯ ಶತಮಾನದ ಕವಿ ರನ್ನ ಈ ಮುಧೋಳ ಸೀಮೆಯವನು, ಬಳೆಗಾರರ ಮನೆಯ ಮಗ. ಮುಧೋಳ ತಾಲ್ಲೂಕಿನ ರನ್ನ ಬೆಳಗಲಿ ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಅವನಿಂದ ಅಜಿತಪುರಾಣವನ್ನು ಬರೆಯಿಸಿದ ಅತ್ತಿಮಬ್ಬೆಯೇ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನೂ ಕಟ್ಟಿಸಿದಳು. ಕಾವ್ಯಕ್ಕೂ ಕಟ್ಟಡಕ್ಕೂ ಒಂದೇ ಕೈ ಆಶ್ರಯ ಕೊಟ್ಟ ಕಾಲವದು. ರಬಕವಿ–ಬನಹಟ್ಟಿಗೆ ಸಮೀಪದ ತೇರದಾಳದಲ್ಲಿ ಮಾಂಡಲಿಕ ಗೊಂಕ ಕಟ್ಟಿಸಿದ ನೇಮಿನಾಥ ಬಸದಿ ಇದೇ ಪರಂಪರೆಯದು. ಅಲ್ಲಿನ ಶಾಸನದ ಪ್ರಕಾರ ಅದರ ಕಾಲ ಕ್ರಿ.ಶ. 1122–23. ಕೊಲ್ಲಾಪುರದ ರೂಪನಾರಾಯಣ ಬಸದಿಯ ಆಚಾರ್ಯ ಮಾಘನಂದಿ ಸೈದ್ಧಾಂತಿಕರ ಹೆಸರೂ ಆ ಶಾಸನದಲ್ಲಿದೆ. ತೇರದಾಳದ ಒಂದು ಬಸದಿ ಕೊಲ್ಲಾಪುರದ ಗುರುಪರಂಪರೆಯೊಡನೆ, ಸವದತ್ತಿಯ ಅರಸರೊಡನೆ ಹೀಗೆ ಕೂಡಿಕೊಂಡಿತ್ತು. ಅದೇ ಊರಿನಲ್ಲಿ ಅಲ್ಲಮಪ್ರಭುವಿನ ಗುಡಿಯೂ ಇದೆ. ಮಹಾಲಿಂಗಪುರದ ಮಹಾಲಿಂಗೇಶ್ವರ ಮತ್ತು ಜಮಖಂಡಿಯ ಓಲೆಮಠದಂಥ ನೆಲೆಗಳು ಬಸದಿ ಮತ್ತು ಗುಡಿಯ ಜೊತೆಗೆ ಮಠವನ್ನೂ ಇಲ್ಲಿನ ಮುಖ್ಯ ಕಟ್ಟಡವನ್ನಾಗಿ ಮಾಡಿದವು.

ಆದಿಲಶಾಹಿ ಕಾಲ: ಕಮಾನು, ಗುಮ್ಮಟ, ಬಾವಿ

1490ರ ಸುಮಾರಿಗೆ ಸ್ವತಂತ್ರವಾದ ಬಿಜಾಪುರದ ಆದಿಲಶಾಹಿ ರಾಜ್ಯ 1686ರವರೆಗೆ ಈ ಸೀಮೆಯನ್ನು ಆಳಿತು. ಜಮಖಂಡಿಯಿಂದ ಬಿಜಾಪುರಕ್ಕೆ 60 ಕಿಲೋಮೀಟರ್ ಆಸುಪಾಸು. ಅಲ್ಲಿ ಬೆಳೆದ ಶೈಲಿ ಇಲ್ಲಿಗೆ ಬರಲು ತಡವಾಗಲಿಲ್ಲ. ತಾವರೆಯ ಎಸಳುಗಳ ನಡುವಿನಿಂದ ಎದ್ದ ಗುಮ್ಮಟ, ನಾಲ್ಕು ಮೂಲೆಗೆ ತೆಳು ಮಿನಾರು, ಕೆತ್ತಿದ ಚಾಚುಗಳ ಮೇಲೆ ನಿಂತ ಅಗಲ ಸಜ್ಜೆ, ಗಚ್ಚಿನಲ್ಲಿ ಮೂಡಿಸಿದ ಹೂಬಳ್ಳಿ ಇವು ಆ ಶೈಲಿಯ ಲಕ್ಷಣಗಳು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯಾದ ಗೋಲಗುಮ್ಮಟದಲ್ಲಿ ಈ ಕಟ್ಟಡಕಲೆ ತನ್ನ ತುತ್ತತುದಿ ತಲುಪಿತು. ಸಣ್ಣ ಊರುಗಳಲ್ಲಿ ಅದೇ ಕಲೆ ದರ್ಗಾ ಮತ್ತು ಮಸೀದಿಗಳಾಗಿ, ಹಳ್ಳಿಯ ಅಳತೆಗೆ ಇಳಿದು ಬಂತು. ಜಮಖಂಡಿಯ ಅಬೂಬಕರ್ ದರ್ಗಾಕ್ಕೂ ಬೀಳಗಿಯ ಹಸನಡೋಂಗ್ರಿ ದರ್ಗಾಕ್ಕೂ ಹಿಂದೂ–ಮುಸ್ಲಿಮರಿಬ್ಬರೂ ನಡೆದುಕೊಳ್ಳುತ್ತಾರೆ.

ಆದಿಲಶಾಹಿಗಳ ಇನ್ನೊಂದು ದೊಡ್ಡ ಕೊಡುಗೆ ನೀರಿನ ಕಟ್ಟಡಗಳು. ಬಿಜಾಪುರದ ತಾಜ್ ಬಾವಡಿಯಂಥ ಬೃಹತ್ ಬಾವಿಗಳು ರಾಜಧಾನಿಯಲ್ಲಿ ಆದವು. ಮಳೆ ಕಡಿಮೆಯ ಈ ಸೀಮೆಯ ಊರೂರಲ್ಲಿ ಕಲ್ಲಿನ ಮೆಟ್ಟಿಲ ಬಾವಿಗಳು ಎದ್ದವು. ಬೀಳಗಿಯ ಅರೆತ್ತಿನ ಬಾವಿ ಇವುಗಳಲ್ಲಿ ಹೆಸರಾದದ್ದು. ಬಾವಿ ಕಟ್ಟುವವನಿಗೆ ಬೇಕಾದ ತಿಳಿವಳಿಕೆ ಗುಡಿ ಕಟ್ಟುವವನಿಗಿಂತ ಕಡಿಮೆಯದಲ್ಲ. ಸುತ್ತಲಿನ ಮಣ್ಣಿನ ಒತ್ತಡಕ್ಕೆ ಗೋಡೆ ಒಳಗೆ ಬಾಗಬಾರದು, ನೀರು ಇಳಿದಂತೆ ಮೆಟ್ಟಿಲೂ ಇಳಿಯಬೇಕು, ನೀರಿನ ಸೆಲೆ ಮುಚ್ಚಬಾರದು. ಬೀಳಗಿಯಂಥ ಬೆಂಗಾಡಿನಲ್ಲಿ ಊರಿನ ಅತ್ಯುತ್ತಮ ಕಟ್ಟಡ ನೆಲದ ಕೆಳಗೆ ಇರುವುದು ಸಹಜವೇ.

ಚಿತ್ರಕಲೆಯ ದೃಷ್ಟಿಯಿಂದ ಈ ಎರಡು ಶತಮಾನ ದಖ್ಖನಿನ ಸುವರ್ಣಕಾಲ. 1570ರ ನುಜೂಮ್–ಉಲ್–ಉಲೂಮ್ ಎಂಬ ಸಚಿತ್ರ ಗ್ರಂಥ ಬಿಜಾಪುರ ಶೈಲಿಯ ಆರಂಭದ ದೊಡ್ಡ ಸಾಕ್ಷಿ. ಎರಡನೆಯ ಇಬ್ರಾಹಿಮ್ ಆದಿಲಶಾಹನ ಕಾಲದಲ್ಲಿ (1580–1627) ಆ ಶೈಲಿ ತನ್ನ ಪೂರ್ಣರೂಪ ಪಡೆಯಿತು. ಸಂಗೀತವನ್ನು ಪ್ರಾಣದಂತೆ ಪ್ರೀತಿಸಿದ ಆ ಸುಲ್ತಾನನ ಆಸ್ಥಾನಕ್ಕೆ ಯುರೋಪಿನ ಒಂದು ಸಣ್ಣ ನಾಡಿನ ಕಲಾವಿದನೂ ಬಂದಿದ್ದ. ಅವನು ಹಾಲೆಂಡಿನ ಹಾರ್ಲೆಮ್ ನಗರದ ಕೊರ್ನೆಲಿಸ್ ಹೇಡಾ. ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಬಳಿ ಕೆಲಸ ಮಾಡಿದ್ದ ಹೇಡಾ, ಪರ್ಷಿಯಾಕ್ಕೆ ಹೋಗಲು ಹೊರಟು ಕೊನೆಗೆ 1610ರ ಸುಮಾರಿಗೆ ಗೋವೆಯ ದಾರಿಯಿಂದ ಬಿಜಾಪುರ ಸೇರಿದ. ಸುಲ್ತಾನನ ಚಿತ್ರಕಾರನಾಗಿ ತನ್ನ ಉಳಿದ ಆಯುಷ್ಯವನ್ನು ಇಲ್ಲಿಯೇ ಕಳೆದ. ಡಚ್ಚರ ಎಣ್ಣೆಬಣ್ಣದ ನೆರಳು–ಬೆಳಕು ಕೃಷ್ಣೆಯ ಬಯಲಿಗೆ ಬಂದದ್ದು ಚಿತ್ರಕಾರ ರವಿವರ್ಮ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲು. ಬಿಜಾಪುರದ ಅಸಾರ್ ಮಹಲಿನ ಭಿತ್ತಿಚಿತ್ರಗಳು ಮತ್ತು ಕುಮಟಗಿಯ ನೀರಮನೆಯ ಗೋಡೆಗಳ ಮೇಲೆ ಮಾಸಿಹೋಗಿರುವ ಪೋಲೋ ಆಟಗಾರರು, ಸಂಗೀತಗಾರರ ಚಿತ್ರಗಳು ಆ ಪರಂಪರೆಯ ಉಳಿದ ತುಣುಕುಗಳು. ಮುಧೋಳದ ಘೋರ್ಪಡೆಯವರು ಈ ಆಸ್ಥಾನದ ಸರದಾರರಾಗಿದ್ದರು. ಬಾಜಿ ಘೋರ್ಪಡೆ 1664ರಲ್ಲಿ ಶಿವಾಜಿಯೊಡನೆ ಹೋರಾಡಿ ಮಡಿದ. ಈ ಸಣ್ಣ ಸಂಸ್ಥಾನದ ಅರಸರಿಗೆ ರಾಜವೈಭವದ ಮೊದಲ ಮಾದರಿ ಬಿಜಾಪುರವೇ.

ವಾಡೆಗಳ ಕಾಲ

ಹದಿನೆಂಟನೆಯ ಶತಮಾನದಲ್ಲಿ ಪೇಶ್ವೆಗಳ ಸರದಾರರಾಗಿ ಪಟವರ್ಧನರು ಈ ನೆಲಕ್ಕೆ ಬಂದರು. ಕೊಂಕಣ ಮೂಲದ ಈ ಮನೆತನದ ಹರಿಭಟ್ಟ ಇಚಲಕರಂಜಿಯ ಘೋರ್ಪಡೆಯವರ ಪುರೋಹಿತನಾಗಿದ್ದ. ಅವನ ವಂಶಸ್ಥರು ಮಿರಜ, ಸಾಂಗಲಿ, ತಾಸಗಾಂವ, ಕುರುಂದವಾಡ ಮತ್ತು ಜಮಖಂಡಿಗಳಲ್ಲಿ ನೆಲೆಯೂರಿದರು. ಪರಶುರಾಮಭಾವು ಪಟವರ್ಧನ (ನಿಧನ 1799) ಈ ಮನೆತನದ ಹೆಸರಾಂತ ದಂಡನಾಯಕ. 1811ರಲ್ಲಿ ಗೋಪಾಲರಾವ್ ಪಟವರ್ಧನನಿಂದ ಜಮಖಂಡಿ ಪ್ರತ್ಯೇಕ ಸಂಸ್ಥಾನವಾಯಿತು.

ಇವರೊಡನೆ ಬಂದ ಕಟ್ಟಡ ವಾಡೆ. ಕರಿಕಲ್ಲಿನ ಎತ್ತರದ ಜಗಲಿ, ಕೆಳ ಅಂತಸ್ತಿಗೆ ಕಲ್ಲು, ಮೇಲಕ್ಕೆ ಸುಟ್ಟ ಇಟ್ಟಿಗೆ ಮತ್ತು ಗಚ್ಚು. ನಡುವೆ ಆಕಾಶಕ್ಕೆ ತೆರೆದ ಚೌಕ, ಅದರ ಸುತ್ತ ಸಾಗವಾನಿ ಕಂಬಗಳ ಸಾಲು. ಮಹಾದ್ವಾರದ ಮೇಲೆ ನಗಾರಿಖಾನೆ, ದೊಡ್ಡ ಕದದೊಳಗೇ ಒಬ್ಬರು ಬಗ್ಗಿ ನುಸುಳುವಷ್ಟು ದಿಡ್ಡಿ ಬಾಗಿಲು. ಮೊದಲ ಚೌಕ ದಫ್ತರಕ್ಕೆ ಮತ್ತು ದಿವಾಣಖಾನೆಗೆ, ಒಳಚೌಕ ಮನೆಯವರಿಗೆ. ಸಂಸ್ಥಾನಿಕರಷ್ಟೇ ಅಲ್ಲ, ದೇಸಾಯಿ, ನಾಡಗೌಡ, ನಾಡಗೀರ, ಕುಲಕರ್ಣಿ ಮನೆತನಗಳೂ ಇದೇ ಮಾದರಿಯನ್ನು ತಮ್ಮ ಅಳತೆಗೆ ಅಳವಡಿಸಿಕೊಂಡವು. ಕುಂದಗೋಳದ ನಾಡಗೀರ ವಾಡೆ ಇಂದು ಗಾಯಕ ಸವಾಯಿ ಗಂಧರ್ವರ ಸ್ಮರಣೆಯ ಸಂಗೀತೋತ್ಸವದ ತಾಣವೆಂದು ಪ್ರಸಿದ್ಧ. ಹಳ್ಳಿಯ ಮಾಳಿಗೆ ಮನೆಗೂ ಪುಣೆಯ ವಾಡೆಗೂ ನಡುವೆ ನಿಂತ ಈ ದೊಡ್ಡಮನೆಗಳಲ್ಲಿ ಎರಡೂ ಕಡೆಯ ಗುಣಗಳಿವೆ: ಚೌಕ ಮರಾಠಿ ಪದ್ಧತಿಯದು, ಮಣ್ಣಿನ ಮಾಳಿಗೆ ಮತ್ತು ಹಗೇವು ಕನ್ನಡ ಒಕ್ಕಲಿನವು.

ಗುಡಿಗಳಲ್ಲೂ ಇದೇ ಬೆರಕೆ. ಮರಾಠಾ ಕಾಲದ ಗುಡಿಯ ಶಿಖರ ಹೆಚ್ಚಾಗಿ ಇಟ್ಟಿಗೆ–ಗಚ್ಚಿನದು, ಗೂಡುಗೂಡುಗಳಾಗಿ ಮೇಲೇರುತ್ತದೆ. ತುದಿಯಲ್ಲಿ ತಾವರೆ ಎಸಳಿನ ನಡುವೆ ಚಿಕ್ಕ ಗುಮ್ಮಟ ಕೂರುತ್ತದೆ. ಸಭಾಮಂಟಪಕ್ಕೆ ಹಲವು ಎಸಳಿನ ಕಮಾನು, ಅಂಗಳದಲ್ಲಿ ದೀಪಮಾಲೆ ಕಂಬ. ಆ ಗುಮ್ಮಟ ಬಿಜಾಪುರದಿಂದ ಬಂದದ್ದಾದರೂ ಕಟ್ಟಿದವರೂ ಪೂಜಿಸಿದವರೂ ಅದನ್ನು ಬೇರೆಯದೆಂದು ಎಣಿಸಲಿಲ್ಲ. ವಾಡೆಗಳ ಒಳಗೋಡೆಗೆ ಚಿತ್ರ ಬರೆಸುವುದೂ ಈ ಕಾಲದ ರೂಢಿ. ವಾಯಿ ಬಳಿಯ ಮೇಣವಲಿಯಲ್ಲಿ ಪೇಶ್ವೆಗಳ ಮಂತ್ರಿ ನಾನಾ ಫಡ್ನವೀಸನ ವಾಡೆಯ ಗೋಡೆಗಳಲ್ಲಿ ದಶಾವತಾರ, ಗಣಪತಿ, ಕೃಷ್ಣಲೀಲೆಯ ಬಗೆಯ ಚಿತ್ರಗಳು ಇನ್ನೂ ಇವೆ. ತೆಳು ಸುಣ್ಣದ ಪದರದ ಮೇಲೆ ಕೆಮ್ಮಣ್ಣು, ಹಳದಿ, ಕಾಡಿಗೆ, ನೀಲಿ ಬಳಸಿ ಬರೆಯುವ ಈ ಚಿತ್ರಗಳಿಗೆ ಸೋರುವ ಮಾಳಿಗೆಯೇ ಮೊದಲ ಶತ್ರು. ವರ್ಷವರ್ಷದ ಸುಣ್ಣ ಬಳಿಯುವಿಕೆ ಎರಡನೆಯದು.

ಗುಡ್ಡದ ಮೇಲಿನ ಅರಮನೆ, ಗೋಡೆಯ ಮೇಲಿನ ಭಾವಚಿತ್ರ

1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದು ಸಂಸ್ಥಾನಗಳು ಬ್ರಿಟಿಷರ ಅಧೀನಕ್ಕೆ ಬಂದವು. ಕೋಟೆಗೆ ಕೆಲಸವಿಲ್ಲದಾಯಿತು, ಶಾಲೆ, ದವಾಖಾನೆ, ಕಚೇರಿ, ಆಟದ ಮೈದಾನಗಳಿಗೆ ಕೆಲಸ ಬಂತು. 1840ರಿಂದ 1897ರವರೆಗೆ ಜಮಖಂಡಿಯನ್ನು ಆಳಿದ ರಾಮಚಂದ್ರರಾವ್ ಮತ್ತು ನಂತರದ ಪರಶುರಾಮರಾವ್ ಕಾಲದಲ್ಲಿ ಊರು ಹೊಸ ರೂಪ ತಾಳಿತು. ಊರ ನಡುವಿನ ವಾಡೆಯಲ್ಲಿದ್ದ ಅರಸರು ಊರಾಚೆಯ ರಾಮತೀರ್ಥ ಗುಡ್ಡದ ಮೇಲೆ ಅರಮನೆ ಕಟ್ಟಿಕೊಂಡರು. ಇದು ಬರೀ ಸ್ಥಳದ ಬದಲಾವಣೆಯಲ್ಲ. ವಾಡೆ ಒಳಮುಖ, ಚೌಕಕ್ಕೆ ತೆರೆದುಕೊಂಡದ್ದು. ಗುಡ್ಡದ ಅರಮನೆ ಹೊರಮುಖ, ಗಾಳಿ ಮತ್ತು ನೋಟಕ್ಕೆ ತೆರೆದುಕೊಂಡದ್ದು. ಬ್ರಿಟಿಷ್ ಬಂಗಲೆಗಳ ಅಭಿರುಚಿ ದೇಶೀ ಅರಸರ ಮನೆಗೆ ಬಂದ ಬಗೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಮಖಂಡಿಯ ಪೋಲೋ ಮೈದಾನ, ಪಿ.ಬಿ. ಹೈಸ್ಕೂಲ್ ಅದೇ ಯುಗದ ಹೆಸರುಗಳು. ಸಂಸ್ಥಾನದ ಹಣ ಪುಣೆಯಲ್ಲೂ ಕಟ್ಟಡವಾಯಿತು. 1916ರಲ್ಲಿ ಆರಂಭವಾದ ನ್ಯೂ ಪೂನಾ ಕಾಲೇಜು, ಜಮಖಂಡಿ ಅರಸ ಶಂಕರರಾವ್ ಪಟವರ್ಧನರು ಕೊಟ್ಟ 2 ಲಕ್ಷ ರೂಪಾಯಿ ದೇಣಿಗೆಯ ಗೌರವಾರ್ಥ ಅವರ ತಂದೆಯ ಹೆಸರಿನಲ್ಲಿ ಸರ್ ಪರಶುರಾಮಭಾವು ಕಾಲೇಜು ಆಯಿತು.

ಚಿತ್ರಕಲೆಯೂ ಗೋಡೆಯಿಂದ ಇಳಿದು ಚೌಕಟ್ಟಿಗೆ ಬಂತು. 1857ರಲ್ಲಿ ಮುಂಬೈಯಲ್ಲಿ ಆರಂಭವಾದ ಜೆ.ಜೆ. ಕಲಾಶಾಲೆ ಇಡೀ ಮುಂಬೈ ಪ್ರಾಂತದ ಡ್ರಾಯಿಂಗ್ ಮಾಸ್ತರರಿಗೆ ಗುರುಮನೆಯಾಯಿತು. ಸಂಸ್ಥಾನಿಕರ ದಿವಾಣಖಾನೆಗಳಲ್ಲಿ ಪೂರ್ವಜರ ತೈಲಚಿತ್ರ, ನಂತರ ಬಣ್ಣ ತುಂಬಿದ ಛಾಯಾಚಿತ್ರ ಬಂದವು. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಶಿಲಾಮುದ್ರಣಾಲಯ ಆರಂಭಿಸಿದ ಮೇಲೆ ಲಕ್ಷ್ಮಿ, ಸರಸ್ವತಿಯರ ಅಚ್ಚುಚಿತ್ರಗಳು ನೇಕಾರನ ಮನೆಯ ದೇವರಗೂಡನ್ನೂ ತಲುಪಿದವು. ಅರಮನೆಗೂ ಗುಡಿಸಲಿಗೂ ಒಂದೇ ಚಿತ್ರ ಸಿಗುವಂತಾಯಿತು.

ನೇಕಾರರ ಊರು, ಜನರ ಚಿತ್ರ

ರಬಕವಿ–ಬನಹಟ್ಟಿಯ ವಾಸ್ತುವನ್ನು ರೂಪಿಸಿದ್ದು ಮಗ್ಗ. ಕುಣಿಮಗ್ಗದಲ್ಲಿ ನೇಕಾರ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾನೆ. ಮಣ್ಣಿನ ನೆಲದ ತಂಪು ನೂಲು ಒಣಗಿ ಕಡಿಯದಂತೆ ಕಾಯುತ್ತದೆ. ಆದ್ದರಿಂದ ಪಡಸಾಲೆಯೇ ಕಾರ್ಖಾನೆ. ಹಾಸು ಹೂಡಲು ಉದ್ದನೆಯ ಜಾಗ ಬೇಕಾದ್ದರಿಂದ ಓಣಿಯೂ ಮನೆಯ ಭಾಗವೇ. ಬೆಳಕಿಂಡಿ ಮಗ್ಗದ ಮೇಲೆ ಬೀಳುವಂತೆ ಮಾಳಿಗೆ ಕಟ್ಟಬೇಕು. ಮುಂದೆ ವಿದ್ಯುತ್ ಮಗ್ಗ ಬಂದಾಗ ಮಣ್ಣಿನ ನೆಲ ಹೋಗಿ ಗಟ್ಟಿ ನೆಲ, ತಗಡಿನ ಶೆಡ್ಡು ಬಂತು. ಸೀರೆಯ ದಡಿ ಮತ್ತು ಸೆರಗಿನ ವಿನ್ಯಾಸವೂ ಚಿತ್ರಕಲೆಯೇ. ಗುಡಿಯ ಗೋಪುರ, ತೇರು, ಆನೆ, ತಾವರೆಗಳು ಇಳಕಲ್–ಗುಳೇದಗುಡ್ಡ ಸೀಮೆಯ ನೇಯ್ಗೆ ಮತ್ತು ಕಸೂತಿಯಲ್ಲಿ ಎಳೆ ಎಣಿಸಿ ಮೂಡಿದ ರೇಖೆಗಳಾದವು.

ಇದರ ಜೊತೆಗೆ ಹೆಸರಿಲ್ಲದ ಜನರ ಚಿತ್ರಕಲೆಯೊಂದು ಇಲ್ಲಿ ಸದಾ ನಡೆದು ಬಂದಿದೆ. ಕುಸ್ತಿಗೆ ಹೆಸರಾದ ಈ ಸೀಮೆಯ ಗರಡಿಮನೆಗಳ ಗೋಡೆಗೆ ಹನುಮಂತ, ಭೀಮ, ತೊಡೆ ತಟ್ಟಿ ನಿಂತ ಪೈಲ್ವಾನರ ಚಿತ್ರಗಳನ್ನು ಊರ ಚಿತ್ರಗಾರರು ಬರೆದರು. ಕಂಪನಿ ನಾಟಕಗಳ ದರ್ಬಾರಿನ ಪರದೆ, ಬೀದಿಯ ಪರದೆ, ಅಡವಿಯ ಪರದೆಗಳಲ್ಲಿ ಹಳ್ಳಿಯವರು ದೂರ–ಹತ್ತಿರ ತೋರಿಸುವ ಪಾಶ್ಚಾತ್ಯ ದೃಶ್ಯಕ್ರಮವನ್ನು ಮೊದಲ ಸಲ ಕಂಡರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ಭಾದ್ರಪದಕ್ಕೆ ಗಣಪತಿ ಮತ್ತು ಜೋಕುಮಾರ. ವರ್ಷಕ್ಕೊಮ್ಮೆ ಮಾಡಿ ನೀರಿಗೆ ಬಿಡುವ ಈ ಮಣ್ಣಿನ ಶಿಲ್ಪ ಮಾತ್ರ ಯಾವ ಅರಸೊತ್ತಿಗೆಯನ್ನೂ ಅವಲಂಬಿಸಲಿಲ್ಲ.

ವಿಲೀನದ ನಂತರ

1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿಯ ದಿವಾನರಾಗಿದ್ದ ಸಾವಳಗಿಯ ಬಿ.ಡಿ. ಜತ್ತಿ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದರು. 1956ರಲ್ಲಿ ಬಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಹುಟ್ಟಿತು. ಆಳುವವರು ಹೋದ ಮೇಲೆ ವಾಡೆಗಳಿಗೆ ವರಮಾನ ನಿಂತಿತು. ಪಾಲಾದ ಮನೆಗಳಲ್ಲಿ ಚೌಕಕ್ಕೆ ಗೋಡೆ ಎದ್ದಿತು, ಸಾಗವಾನಿ ಕಂಬಗಳು ಮಾರಾಟವಾದವು.

ಇದಕ್ಕಿಂತ ದೊಡ್ಡ ಬದಲಾವಣೆ ನೀರಿನಿಂದ ಬಂತು. 1964ರಲ್ಲಿ ಶಂಕುಸ್ಥಾಪನೆಯಾಗಿ 2006ರಲ್ಲಿ ಲೋಕಾರ್ಪಣೆಗೊಂಡ ಆಲಮಟ್ಟಿ ಜಲಾಶಯದ ಹಿನ್ನೀರು ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳನ್ನು ಮುಳುಗಿಸಿತು. ಅಗಸಿ, ಕಟ್ಟೆ, ಮಾಳಿಗೆ ಮನೆಗಳ ಊರುಗಳು ಹೋಗಿ, ಅಳತೆ ಹಾಕಿದ ನಿವೇಶನಗಳ ಪುನರ್ವಸತಿ ಕೇಂದ್ರಗಳು ಬಂದವು. 1989ರಲ್ಲಿ ಜಮಖಂಡಿಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ತಾವೇ ಕಟ್ಟಿದ ಬ್ಯಾರೇಜು, ಊರೂರ ಬಾವಿಗಳ ಪರಂಪರೆಯ ಮುಂದುವರಿಕೆ. ಅದರಿಂದ ಬೆಳೆದ ಕಬ್ಬಿನ ಆದಾಯ ಕಾಂಕ್ರೀಟು ಮನೆಗಳಾಯಿತು. 2009 ಮತ್ತು 2019ರ ಮಳೆ–ನೆರೆಗಳಲ್ಲಿ ಮಣ್ಣಿನ ಗೋಡೆಗಳು ಕುಸಿದವು. ಕುಸಿದ ಕಡೆ ಮತ್ತೆ ಮಣ್ಣಿನ ಮನೆ ಎದ್ದದ್ದು ಅಪರೂಪ. ಘಟಪ್ರಭೆಯ ದಂಡೆಯ ಮಾಚಕನೂರಿನ ಹೊಳೆಬಸವೇಶ್ವರ ಗುಡಿಯನ್ನು ಮಾತ್ರ ಹೊಳೆ ಮತ್ತೆ ಮತ್ತೆ ಮುಳುಗಿಸಿ ಮತ್ತೆ ಬಿಟ್ಟುಕೊಡುತ್ತಿದೆ.

ಬಾದಾಮಿಯೂ ಬಿಜಾಪುರವೂ ತಮ್ಮ ಹಿರಿಮೆಯಿಂದಲೇ ಉಳಿದಿವೆ. ಅವುಗಳ ನಡುವಿನ ಸಣ್ಣ ಊರುಗಳ ಬಸದಿ, ಬಾವಿ, ವಾಡೆ, ಗರಡಿಗಳು ಉಳಿಯಬೇಕಾದರೆ ಅಲ್ಲಿನ ಜನರೇ ಅವುಗಳ ಬೆಲೆ ಅರಿಯಬೇಕು. ಪ್ರತಿ ವಾಡೆಯ ನಕ್ಷೆ, ಪ್ರತಿ ಗೋಡೆಚಿತ್ರದ ಛಾಯಾಚಿತ್ರ, ಪ್ರತಿ ಬಾವಿಯ ಅಳತೆಯನ್ನು ದಾಖಲಿಸುವ ಕೆಲಸಕ್ಕೆ ಹೆಚ್ಚು ಹಣ ಬೇಕಿಲ್ಲ. ಈ ತಾಲ್ಲೂಕುಗಳ ಕಾಲೇಜುಗಳು, ನಗರಸಭೆಗಳು ಮತ್ತು ಮಠಗಳು ಮನಸ್ಸು ಮಾಡಿದರೆ ಸಾಕು. ಉಳಿದಿರುವ ಮನೆಗಳೂ ಬೀಳುವ ಮುನ್ನ ಅದು ಆಗಬೇಕು.